ಮೊದಲ ಹತ್ತು ನಿಮಿಷ: ಯುದ್ಧಭೂಮಿಯಲ್ಲಿ ಜೀವ ಹಿಡಿದಿಡುವವರು

ದಾವಣಗೆರೆಯ ನಮ್ಮ ಬೀದಿಯಲ್ಲಿ ಒಬ್ಬರಿದ್ದಾರೆ. ಎಲ್ಲರೂ ಅವರನ್ನು ಮಿಲ್ಟ್ರಿ ಮಾಮ ಅಂತಲೇ ಕರೆಯುತ್ತೇವೆ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಸೇನೆಯಲ್ಲಿದ್ದು, ಹವಾಲ್ದಾರ್ ಆಗಿ ನಿವೃತ್ತರಾಗಿ ಊರಿಗೆ ಬಂದವರು. ಆಗಸ್ಟ್ 15 ಬಂತೆಂದರೆ ಬೀದಿಯ ಹುಡುಗರು ಅವರನ್ನು ಮುತ್ತಿಕೊಂಡು ಕೇಳುತ್ತಾರೆ: "ಮಾಮ, ಎಷ್ಟು ಜನ ಶತ್ರುಗಳನ್ನ ಹೊಡೆದ್ರಿ?" ಅವರು ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತಾರೆ. "ನಾನು ಬಂದೂಕಿಗಿಂತ ಬ್ಯಾಂಡೇಜ್ ಹಿಡಿದದ್ದೇ ಜಾಸ್ತಿ ಕಣ್ರಪ್ಪಾ." ಹುಡುಗರ ಮುಖ ಸಪ್ಪಗಾಗುತ್ತದೆ. ಒಮ್ಮೆ ದೊಡ್ಡವರೊಬ್ಬರು, "ಓ, ಹಂಗಾದ್ರೆ ಕಾಂಪೌಂಡರ್ ಆಗಿದ್ರಾ" ಅಂದದ್ದನ್ನು ನಾನೇ ಕೇಳಿದ್ದೇನೆ.

ಆ ಮಾತು ನನಗೆ ಚುಚ್ಚಿತು. ಮಾಮ ಸುಮ್ನೆ ನಕ್ಕರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ರಕ್ತ, ಉಸಿರು, ಹೃದಯ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಆದರೆ ಗುಂಡು ಹಾರುತ್ತಿರುವ ಜಾಗದಲ್ಲಿ ಆ ಪಾಠವನ್ನು ಕೈಯಲ್ಲಿ ಮಾಡಿ ತೋರಿಸಿದವರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರ ಕೆಲಸ ಏನು ಅಂತ ನಮಗೆ ಗೊತ್ತಿಲ್ಲ. ಗೊತ್ತಿಲ್ಲದ ಕೆಲಸಕ್ಕೆ ಗೌರವ ಕೊಡುವುದಾದರೂ ಹೇಗೆ? ಅದಕ್ಕೇ ಇದನ್ನು ಬರೆಯಲು ಕೂತೆ.

ಮಾಮ ಇದ್ದದ್ದು ಆರ್ಮಿ ಮೆಡಿಕಲ್ ಕೋರ್‌ನಲ್ಲಿ, ನರ್ಸಿಂಗ್ ಅಸಿಸ್ಟೆಂಟ್ ಆಗಿ. ಈ ದಳ ಹುಟ್ಟಿದ್ದು 1943ರ ಏಪ್ರಿಲ್ 3ರಂದು. ಬ್ರಿಟಿಷರ ಕಾಲದಲ್ಲಿ ಬೇರೆ ಬೇರೆಯಾಗಿದ್ದ ಮೂರು ವೈದ್ಯಕೀಯ ವಿಭಾಗಗಳನ್ನು ಒಂದು ಮಾಡಿ ಇದನ್ನು ಕಟ್ಟಿದರು. ಲಖನೌದಲ್ಲಿ ಇದರ ತರಬೇತಿ ಕೇಂದ್ರ ಇದೆ. 'ಸರ್ವೇ ಸಂತು ನಿರಾಮಯಾಃ' ಇದರ ಧ್ಯೇಯವಾಕ್ಯ. ಎಲ್ಲರೂ ರೋಗವಿಲ್ಲದೆ ಇರಲಿ ಅಂತ ಅರ್ಥ. ಇಲ್ಲಿ ಡಾಕ್ಟರುಗಳಿದ್ದಾರೆ, ಡಾಕ್ಟರಲ್ಲದ ಸೈನಿಕರೂ ಇದ್ದಾರೆ. ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಮಿಲಿಟರಿ ನರ್ಸಿಂಗ್ ಸರ್ವಿಸ್‌ನ ಸಿಸ್ಟರ್‌ಗಳು ಬೇರೆ.

ನೂರಾರು ಸೈನಿಕರಿರುವ ಒಂದು ಬೆಟಾಲಿಯನ್ ಜೊತೆ ಸಾಮಾನ್ಯವಾಗಿ ಒಬ್ಬರು ಡಾಕ್ಟರ್ ಇರುತ್ತಾರೆ. ಅವರನ್ನು ರೆಜಿಮೆಂಟಲ್ ಮೆಡಿಕಲ್ ಆಫೀಸರ್ ಅನ್ನುತ್ತಾರೆ. ಒಬ್ಬ ಡಾಕ್ಟರ್ ಎಷ್ಟು ಕಡೆ ಇರಲು ಸಾಧ್ಯ ಹೇಳಿ? ಸೈನಿಕರು ಚಿಕ್ಕ ಚಿಕ್ಕ ಗುಂಪುಗಳಾಗಿ ಬೇರೆ ಬೇರೆ ಗುಡ್ಡಗಳ ಮೇಲೆ ಇರುತ್ತಾರೆ. ಆ ಗುಂಪುಗಳ ಜೊತೆ ಹೋಗುವವರು ನರ್ಸಿಂಗ್ ಅಸಿಸ್ಟೆಂಟ್‌ಗಳು ಮತ್ತು ಗಾಯಕ್ಕೆ ಚಿಕಿತ್ಸೆ ಕೊಡಲು ಕಲಿತ ಸೈನಿಕರು. ಸ್ಟ್ರೆಚರ್ ಹೊರುವವರೂ ಇರುತ್ತಾರೆ. ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಬ್ಯಾಂಡ್ ಬಾರಿಸುತ್ತಾ ಹೋಗುವ ಸೈನಿಕರನ್ನು ನೋಡಿರುತ್ತೀರಿ. ಯುದ್ಧದ ಹೊತ್ತಲ್ಲಿ ಸ್ಟ್ರೆಚರ್ ಹೊರುವ ಕೆಲಸ ಮೊದಲಿಂದಲೂ ಆ ಬ್ಯಾಂಡಿನವರದ್ದೇ. ಇದನ್ನು ಕೇಳಿದ ಮೇಲೆ ಆ ಮೆರವಣಿಗೆಯನ್ನು ನಾನು ನೋಡುವ ರೀತಿಯೇ ಬದಲಾಗಿದೆ.

ಈಗ ಒಬ್ಬ ಸೈನಿಕನ ತೊಡೆಗೆ ಗುಂಡು ಬಿತ್ತು ಅಂತಿಟ್ಟುಕೊಳ್ಳಿ. ದೊಡ್ಡವರ ಮೈಯಲ್ಲಿ ಇರುವುದು ಸುಮಾರು 5 ಲೀಟರ್ ರಕ್ತ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗುವಷ್ಟು ರಕ್ತ ಸುರಿದುಹೋಗುತ್ತದೆ. 'ಗೋಲ್ಡನ್ ಅವರ್' ಅನ್ನುವ ಮಾತನ್ನು ನಾವು ಕೇಳಿದ್ದೇವೆ. ಗಾಯವಾದ ಒಂದು ಗಂಟೆಯೊಳಗೆ ಆಸ್ಪತ್ರೆ ಸೇರಬೇಕು ಅಂತ ಅದರ ಅರ್ಥ. ಇಂಥ ಗಾಯಕ್ಕೆ ಆ ಒಂದು ಗಂಟೆಯೂ ತೀರಾ ಉದ್ದ. ಜೀವ ಉಳಿಯುತ್ತದೋ ಇಲ್ಲವೋ ಅನ್ನುವುದು ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗಿಬಿಡುತ್ತದೆ.

ಇದಕ್ಕೆ ಲೆಕ್ಕವೂ ಇದೆ. 2001ರಿಂದ 2011ರವರೆಗೆ ಯುದ್ಧದಲ್ಲಿ ಗಾಯವಾಗಿ ಸತ್ತ 4,596 ಅಮೆರಿಕನ್ ಸೈನಿಕರ ಸಾವನ್ನು ಅಲ್ಲಿನ ವೈದ್ಯರು ಒಂದೊಂದಾಗಿ ಪರಿಶೀಲಿಸಿದರು. ಶೇ. 87ರಷ್ಟು ಮಂದಿ ಆಸ್ಪತ್ರೆ ತಲುಪುವ ಮೊದಲೇ ಸತ್ತಿದ್ದರು. ಹಾಗೆ ದಾರಿಯಲ್ಲೇ ಸತ್ತವರಲ್ಲಿ ಸುಮಾರು ಕಾಲು ಭಾಗದಷ್ಟು ಜನರನ್ನು ಬಹುಶಃ ಉಳಿಸಬಹುದಿತ್ತು. ಆ ಕಾಲು ಭಾಗದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸತ್ತದ್ದು ರಕ್ತ ಸುರಿದು. ಅಂದರೆ ಎಷ್ಟು ದೊಡ್ಡ ಆಸ್ಪತ್ರೆ ಕಟ್ಟಿದರೂ, ಎಂಥ ಸರ್ಜನ್ ಅಲ್ಲಿ ಕಾಯುತ್ತಿದ್ದರೂ, ಗಾಯವಾದ ಜಾಗದಲ್ಲೇ ಒಬ್ಬರು ರಕ್ತ ನಿಲ್ಲಿಸದಿದ್ದರೆ ಏನೂ ಪ್ರಯೋಜನವಿಲ್ಲ.

ಹಾಗಾದರೆ ಆ ಒಬ್ಬರು ಮೊದಲು ಏನು ಮಾಡಬೇಕು? ನಾನು "ಓಡಿಹೋಗಿ ಗಾಯ ನೋಡಬೇಕು" ಅಂದುಕೊಂಡಿದ್ದೆ. ಮಾಮ ತಲೆ ಅಲ್ಲಾಡಿಸಿದರು. "ಗುಂಡು ಬರ್ತಾ ಇರೋವಾಗ ಬ್ಯಾಗ್ ಬಿಚ್ಚಿ ಕೂತ್ರೆ ಇಬ್ರೂ ಹೋಗ್ತೀವಿ ಕಣಮ್ಮ. ಮೊದ್ಲು ಅವನನ್ನ ಮರೆಗೆ ಎಳ್ಕೋಬೇಕು." ಗುಂಡಿನ ನಡುವೆ ಮಾಡಬಹುದಾದ ಚಿಕಿತ್ಸೆ ಹೆಚ್ಚು ಕಡಿಮೆ ಒಂದೇ. ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ ಗಾಯಕ್ಕಿಂತ ಮೇಲೆ ಟೂರ್ನಿಕೆಟ್ ಬಿಗಿಯುವುದು. ಅದು ಒಂದು ಅಗಲವಾದ ಪಟ್ಟಿ, ಜೊತೆಗೊಂದು ಕಡ್ಡಿ. ಕಡ್ಡಿ ತಿರುಗಿಸಿದಷ್ಟೂ ಪಟ್ಟಿ ಬಿಗಿಯಾಗುತ್ತದೆ. ರಕ್ತ ಪೂರ್ತಿ ನಿಲ್ಲುವವರೆಗೆ ಬಿಗಿಯಬೇಕು. ಸೈನಿಕ ನೋವಿನಿಂದ ಕೂಗುತ್ತಾನೆ, ಬೈಯುತ್ತಾನೆ, ಕೈ ಹಿಡಿದು ತಡೆಯುತ್ತಾನೆ. ಆದರೂ ಸಡಿಲಿಸುವಂತಿಲ್ಲ.

ಬಿಗಿದ ಕೂಡಲೇ ಟೈಮ್ ಬರೆಯಬೇಕು. ಪಟ್ಟಿಯ ಮೇಲೆ, ಇಲ್ಲದಿದ್ದರೆ ಹಣೆಯ ಮೇಲೆ. ಸುಮಾರು ಎರಡು ಗಂಟೆಯವರೆಗೆ ಕಾಲಿಗೆ ಅಷ್ಟಾಗಿ ಅಪಾಯವಿಲ್ಲ. ಅದಕ್ಕಿಂತ ತಡವಾದಷ್ಟೂ ಕಾಲು ಕಳೆದುಕೊಳ್ಳುವ ಭಯ ಜಾಸ್ತಿ. ಮುಂದೆ ಅವನನ್ನು ನೋಡುವ ಸರ್ಜನ್‌ಗೆ ಆ ಟೈಮ್ ಬೇಕೇ ಬೇಕು. ಮಾಮ ಈಗಲೂ ಅಂಗಿ ಜೇಬಿನಲ್ಲಿ ಒಂದು ಮಾರ್ಕರ್ ಪೆನ್ ಇಟ್ಟುಕೊಂಡೇ ಹೊರಗೆ ಹೋಗುತ್ತಾರೆ.

ಮರೆಗೆ ಬಂದ ಮೇಲೆ ಉಳಿದ ಕೆಲಸ. ಮೊದಲೆಲ್ಲ ನಮ್ಮ ಪ್ರಥಮ ಚಿಕಿತ್ಸೆಯ ಪುಸ್ತಕಗಳು ಉಸಿರಾಟದಿಂದ ಶುರುವಾಗುತ್ತಿದ್ದವು. 1996ರಲ್ಲಿ ಅಮೆರಿಕದ ಸೇನಾ ವೈದ್ಯರು ಯುದ್ಧಭೂಮಿಗೆಂದೇ ಬೇರೆ ಕ್ರಮವೊಂದನ್ನು ಪ್ರಕಟಿಸಿದರು. ಅದೇ ದಾರಿಯಲ್ಲಿ ಬೆಳೆದ ಪದ್ಧತಿಯನ್ನು ಇವತ್ತು ಎಷ್ಟೋ ದೇಶಗಳ ಸೇನೆಗಳು ಕಲಿಸುತ್ತವೆ. ಅದರಲ್ಲಿ ಮೊದಲು ರಕ್ತ. ಆಮೇಲೆ ಗಂಟಲಿನ ದಾರಿ. ಪ್ರಜ್ಞೆ ತಪ್ಪಿದವನ ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟಬಹುದು. ಆಮೇಲೆ ಎದೆ. ಎದೆಗೆ ತೂತಾದರೆ ಗಾಳಿ ಶ್ವಾಸಕೋಶದ ಹೊರಗಡೆ ಸೇರಿಕೊಂಡು ಅದನ್ನು ಅದುಮುತ್ತದೆ. ತೂತು ಮುಚ್ಚಬೇಕು. ಸಿಕ್ಕಿಹಾಕಿಕೊಂಡ ಗಾಳಿಯನ್ನು ಕೆಲವೊಮ್ಮೆ ದಪ್ಪ ಸೂಜಿ ಚುಚ್ಚಿ ಬಿಡಬೇಕು. ಆಮೇಲೆ ರಕ್ತದ ಓಟ. ಕೊನೆಯದು ಚಳಿ.

ಚಳಿ ಅಂದಾಗ ನನಗೆ ಆಶ್ಚರ್ಯವಾಯಿತು. ಗುಂಡೇಟಿಗೂ ಕಂಬಳಿಗೂ ಏನು ಸಂಬಂಧ? ಸಂಬಂಧ ಇದೆ, ಅದೂ ತುಂಬಾ ಹತ್ತಿರದ್ದು. ರಕ್ತ ಹೋದ ಮೈ ಬೇಸಿಗೆಯಲ್ಲೂ ತಣ್ಣಗಾಗುತ್ತದೆ. ತಣ್ಣಗಾದ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಹೆಪ್ಪುಗಟ್ಟದಿದ್ದರೆ ಇನ್ನಷ್ಟು ರಕ್ತ ಹೋಗುತ್ತದೆ, ಮೈ ಇನ್ನಷ್ಟು ತಣ್ಣಗಾಗುತ್ತದೆ. ಈ ಸುಳಿಗೆ ಸಿಕ್ಕವನನ್ನು ಹೊರಗೆ ತರುವುದು ಬಹಳ ಕಷ್ಟ. ಹಾಗಾಗಿ ನಮ್ಮ ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲೂ ತುಂಬಾ ರಕ್ತ ಹೋದವರಿಗೆ ಏನಾದರೂ ಹೊದಿಸಲೇಬೇಕು.

ಇಲ್ಲಿಂದ ಗಾಯಾಳು ಕೈಯಿಂದ ಕೈಗೆ ಸಾಗುತ್ತಾನೆ. ಮೊದಲು ಡಾಕ್ಟರ್ ಇರುವ ರೆಜಿಮೆಂಟಲ್ ಏಡ್ ಪೋಸ್ಟ್. ಎಷ್ಟೋ ಸಲ ಅದು ಬಂಡೆಯ ಮರೆಯಲ್ಲಿ ಹಾಕಿದ ಒಂದು ಟೆಂಟ್ ಅಷ್ಟೆ. ಅಲ್ಲಿಂದ ಇನ್ನಷ್ಟು ಚಿಕಿತ್ಸೆ ಸಿಗುವ ಅಡ್ವಾನ್ಸ್ಡ್ ಡ್ರೆಸ್ಸಿಂಗ್ ಸ್ಟೇಷನ್, ಆಪರೇಷನ್ ಮಾಡಬಲ್ಲ ಫೀಲ್ಡ್ ಆಸ್ಪತ್ರೆ, ಆಮೇಲೆ ದೊಡ್ಡ ಸೇನಾ ಆಸ್ಪತ್ರೆಗಳು. ಕೊನೆಗೆ ಬೇಕಾದರೆ ದೆಹಲಿಯ ರಿಸರ್ಚ್ ಅಂಡ್ ರೆಫರಲ್ ಆಸ್ಪತ್ರೆ. ಹೆಲಿಕಾಪ್ಟರ್ ಸಿಕ್ಕರೆ ನಡುವಿನ ಮೆಟ್ಟಿಲುಗಳನ್ನು ಬಿಟ್ಟು ನೇರ ಮೇಲಕ್ಕೆ ಹೋಗಬಹುದು. ಬೆಟ್ಟದಲ್ಲಿ ಮೋಡ ಕವಿದರೆ ಹೆಲಿಕಾಪ್ಟರ್ ಬರುವುದಿಲ್ಲ. ಆಗ ಹೊತ್ತು ಇಳಿಸುವುದೊಂದೇ ದಾರಿ.

ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಇದನ್ನು ಹೇಳಿದರೆ ಬೇಗ ತಿಳಿಯುತ್ತದೆ. ಏಳು ಸುತ್ತಿನ ಆ ಕೋಟೆಯ ಮೆಟ್ಟಿಲುಗಳನ್ನು ಬರಿಗೈಲಿ ಹತ್ತಿದರೇ ಏದುಸಿರು ಬರುತ್ತದೆ. ಈಗ ನಾಲ್ಕು ಜನ ಸೇರಿ ಒಬ್ಬನನ್ನು ಸ್ಟ್ರೆಚರಿನಲ್ಲಿ ಮಲಗಿಸಿ, ಅಲುಗಾಡಿಸದೆ, ಕತ್ತಲಲ್ಲಿ, ದೀಪ ಹಚ್ಚದೆ ಇಳಿಸಬೇಕು. ಕಾರ್ಗಿಲ್‌ನ ಟೈಗರ್ ಹಿಲ್ 16 ಸಾವಿರ ಅಡಿಗೂ ಎತ್ತರ. ಅಲ್ಲಿ ಮೆಟ್ಟಿಲಿಲ್ಲ, ಉಸಿರಾಡಲು ಸರಿಯಾಗಿ ಗಾಳಿಯೂ ಇಲ್ಲ. 1999ರ ಆ ಯುದ್ಧದಲ್ಲಿ ನಮ್ಮ 527 ಸೈನಿಕರು ತೀರಿಕೊಂಡರು. ಗಾಯಗೊಂಡವರು 1,363 ಮಂದಿ. ಮೊದಲ ಸಂಖ್ಯೆಯನ್ನು ನಾವು ಪ್ರತಿ ಜುಲೈಯಲ್ಲೂ ನೆನೆಯುತ್ತೇವೆ, ನೆನೆಯಲೇಬೇಕು. ಎರಡನೆಯ ಸಂಖ್ಯೆಯಲ್ಲಿ ಬದುಕಿ ಮನೆಗೆ ಬಂದ ಒಬ್ಬೊಬ್ಬನ ಹಿಂದೆಯೂ ಗಾಯ ಕಟ್ಟಿದ ಕೈ, ಹೊತ್ತ ಹೆಗಲು ಇವೆ. ದುರ್ಗಕ್ಕೆ ಹೋದಾಗ ಓಬವ್ವನ ಕಿಂಡಿಯ ಮುಂದೆ ನಾವೆಲ್ಲ ನಿಂತು ಕೈ ಮುಗಿಯುತ್ತೇವೆ. ಆ ಕೋಟೆಯ ಕಾಳಗಗಳಲ್ಲಿ ಬಿದ್ದವರನ್ನು ಒಳಗೆ ಹೊತ್ತು ತಂದವರು, ಗಾಯ ತೊಳೆದವರು ಯಾರಿದ್ದರೋ ಅಂತ ಮೊನ್ನೆ ಅಲ್ಲಿ ನಿಂತಾಗ ನನಗೆ ಅನ್ನಿಸಿತು. ಅವರ ಹೆಸರು ಯಾವ ಕಲ್ಲಿನ ಮೇಲೂ ನನಗೆ ಕಾಣಲಿಲ್ಲ.

ಎತ್ತರದ ಜಾಗಗಳಲ್ಲಿ ಗುಂಡಿಗಿಂತ ದೊಡ್ಡ ಶತ್ರು ಅಲ್ಲಿನ ತೆಳುವಾದ ಗಾಳಿಯೇ. 1962ರ ಚೀನಾ ಯುದ್ಧದ ಹೊತ್ತಲ್ಲಿ ಬಯಲಿನ ಸೈನಿಕರನ್ನು ಲಾರಿ, ವಿಮಾನಗಳಲ್ಲಿ ನೇರವಾಗಿ ಹಿಮಾಲಯಕ್ಕೆ ಕಳಿಸಬೇಕಾಯಿತು. ಮೈ ಒಗ್ಗಿಸಿಕೊಳ್ಳಲು ಸಮಯ ಇರಲಿಲ್ಲ. ಗಟ್ಟಿಮುಟ್ಟಾದ ಹುಡುಗರಿಗೆ ತಲೆನೋವು, ವಾಂತಿ. ಕೆಲವರ ಶ್ವಾಸಕೋಶದಲ್ಲಿ ನೀರು ತುಂಬಿ, ಗುಂಡೇ ತಗಲದೆ ಜೀವ ಹೋಯಿತು. ನಮ್ಮ ಸೇನಾ ವೈದ್ಯರು ಇದನ್ನು ಪಟ್ಟು ಹಿಡಿದು ಅಧ್ಯಯನ ಮಾಡಿದರು. 1969ರಲ್ಲಿ ಇಂದರ್ ಸಿಂಗ್ ಮತ್ತು ಅವರ ಜೊತೆಗಾರರು 1,925 ಸೈನಿಕರನ್ನು ನೋಡಿ ಬರೆದ ಪ್ರಬಂಧ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಜಗತ್ತಿನಲ್ಲಿ ಎತ್ತರದ ಕಾಯಿಲೆ ಬಗ್ಗೆ ಓದುವವರು ಇವತ್ತಿಗೂ ಅದನ್ನು ಓದುತ್ತಾರೆ.

ಈಗ ಲಡಾಖ್‌ಗೆ ಹೋದ ಸೈನಿಕನನ್ನು ಸೀದಾ ಮೇಲೆ ಕಳಿಸುವುದಿಲ್ಲ. ಮೊದಲು 6 ದಿನ ಒಂದು ಎತ್ತರದಲ್ಲಿ, ಆಮೇಲೆ 4 ದಿನ ಅದಕ್ಕಿಂತ ಮೇಲೆ, ಮತ್ತೆ 4 ದಿನ ಇನ್ನೂ ಮೇಲೆ. ಹೀಗೆ ಹಂತ ಹಂತವಾಗಿ ಮೈ ಒಗ್ಗಬೇಕು. ಹುಡುಗರು "ನನಗೇನೂ ಆಗಿಲ್ಲ, ಕಳಿಸಿ ಸರ್" ಅನ್ನುತ್ತಾರಂತೆ. ಅವರನ್ನು ತಡೆದು ಕೂರಿಸುವುದು, ರಾತ್ರಿ ಎದ್ದು ಯಾರಿಗೆ ಕೆಮ್ಮು, ಯಾರಿಗೆ ಉಸಿರಾಡಲು ಕಷ್ಟ ಅಂತ ಟಾರ್ಚ್ ಹಿಡಿದು ನೋಡುವುದು ನರ್ಸಿಂಗ್ ಅಸಿಸ್ಟೆಂಟ್ ಕೆಲಸ. ಇಂಥದ್ದಕ್ಕೆ ಪದಕ ಸಿಗುವುದಿಲ್ಲ. ಯಾರೂ ಸಾಯದೇ ಇದ್ದ ರಾತ್ರಿಯನ್ನು ಯಾರು ತಾನೆ ಲೆಕ್ಕ ಇಡುತ್ತಾರೆ?

ನಮ್ಮ ಕರ್ನಾಟಕ ಮರೆಯದ ಹೆಸರೊಂದು ಇದೆ. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19 ಸಾವಿರ ಅಡಿಗೂ ಎತ್ತರದ ಸೋನಮ್ ಪೋಸ್ಟ್ ಮೇಲೆ ಹಿಮ ಕುಸಿದು ಹತ್ತು ಸೈನಿಕರು ಅದರಡಿ ಸಿಕ್ಕಿಕೊಂಡರು. ಫೆಬ್ರವರಿ 8ರಂದು ಅಗೆದು ತೆಗೆದಾಗ ಹನುಮಂತಪ್ಪ ಇನ್ನೂ ಉಸಿರಾಡುತ್ತಿದ್ದರು. ಆ ಸುದ್ದಿ ಕೇಳಿ ಇಡೀ ರಾಜ್ಯ ದೇವರಿಗೆ ಹರಕೆ ಹೊತ್ತದ್ದು ನೆನಪಿರಬಹುದು. ಆದರೆ ಆಗ ಹೆಚ್ಚು ಜನ ಗಮನಿಸದ ಒಂದು ವಿಷಯ ಇದೆ. ಯಾರಾದರೂ ಬದುಕಿದ್ದರೆ ಅಂತ ಅಷ್ಟು ದಿನವೂ ವೈದ್ಯಕೀಯ ಸಿಬ್ಬಂದಿಯನ್ನು ಆ ಹಿಮದ ಮೇಲೇ ಕಾಯುತ್ತಾ ಇರುವಂತೆ ಇಟ್ಟಿದ್ದರು. ಹೊರಗೆ ತೆಗೆದ ಕೂಡಲೇ ಅವರು ಬೆಚ್ಚಗಿನ ಡ್ರಿಪ್ ಹಾಕಿದರು, ಬೆಚ್ಚಗಿನ ಆಮ್ಲಜನಕ ಕೊಟ್ಟರು, ಮೈಯನ್ನು ಮೆಲ್ಲಗೆ ಬಿಸಿ ಮಾಡಿದರು. ದೆಹಲಿಯಲ್ಲಿ ಫೆಬ್ರವರಿ 11ರಂದು ಹನುಮಂತಪ್ಪ ತೀರಿಕೊಂಡರು. ಆದರೂ ಆಸೆ ಬಿಡದೆ ಅಲ್ಲಿ ಕಾದು ಕೂತವರನ್ನು ನಾನು ಮರೆಯಲಾರೆ.

ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಯಾವುದು ಅಂತ ಮಾಮನನ್ನು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. "ಯಾರ ಹತ್ರ ಮೊದ್ಲು ಹೋಗಬೇಕು ಅನ್ನೋದು" ಅಂದರು.

ಒಟ್ಟಿಗೆ ಐದಾರು ಜನ ಬಿದ್ದಿರುತ್ತಾರೆ. ಇರುವುದು ಎರಡೇ ಕೈ. ಜೋರಾಗಿ ಕೂಗುತ್ತಿರುವವನಿಗೆ ಉಸಿರು ಇದೆ ಅಂತ ಅರ್ಥ, ಅವನು ಸ್ವಲ್ಪ ಕಾಯಬಲ್ಲ. ಸದ್ದಿಲ್ಲದೆ ಬೆಳ್ಳಗಾಗುತ್ತಿರುವವನ ಹತ್ತಿರ ಮೊದಲು ಹೋಗಬೇಕು. ಸುಮಾರು ಇನ್ನೂರು ವರ್ಷದ ಹಿಂದೆ ನೆಪೋಲಿಯನ್ ಸೇನೆಯ ಸರ್ಜನ್ ಲಾರೆ ಒಂದು ನಿಯಮ ತಂದ. ಅಧಿಕಾರಿಯೋ ಸಾಮಾನ್ಯ ಸಿಪಾಯಿಯೋ ಅಂತ ನೋಡದೆ, ಗಾಯ ಎಷ್ಟು ಗಂಭೀರ ಅನ್ನುವುದನ್ನು ನೋಡಿ ಚಿಕಿತ್ಸೆ ಕೊಡಬೇಕು ಅಂದ. ಎಲ್ಲ ಸೇನೆಗಳೂ ಅದನ್ನು ಒಪ್ಪಿವೆ. ಪುಸ್ತಕದಲ್ಲಿ ಓದುವಾಗ ಸರಿ ಅನ್ನಿಸುತ್ತದೆ. ಆದರೆ ಕೂಗುತ್ತಿರುವವನು ನಿನ್ನೆ ರಾತ್ರಿ ಒಂದೇ ತಟ್ಟೆಯಲ್ಲಿ ರೊಟ್ಟಿ ಹಂಚಿಕೊಂಡು ತಿಂದ ಗೆಳೆಯನಾಗಿದ್ದರೆ? ಇನ್ನು ಉಳಿಯುವುದಿಲ್ಲ ಅಂತ ಗೊತ್ತಾದವನನ್ನು ದಾಟಿಕೊಂಡು ಮುಂದೆ ಹೋಗಬೇಕಾದರೆ? ಉಳಿಸಿದವರ ಮುಖ ಮರೆತುಹೋಗುತ್ತದಂತೆ. ದಾಟಿ ಹೋದವರ ಮುಖ ಮರೆಯುವುದಿಲ್ಲವಂತೆ. ಮಾಮ ಇದಕ್ಕಿಂತ ಹೆಚ್ಚು ಹೇಳಲಿಲ್ಲ, ನಾನೂ ಕೇಳಲಿಲ್ಲ. ತ್ಯಾಗ ಅಂದರೆ ಪ್ರಾಣ ಕೊಡುವುದು ಮಾತ್ರ ಅಂತ ನಾವು ತಿಳಿದಿದ್ದೇವೆ, ಅಲ್ವಾ? ಬದುಕಿ ಬಂದವರೂ ಏನನ್ನೋ ಅಲ್ಲೇ ಬಿಟ್ಟು ಬಂದಿರುತ್ತಾರೆ.

ಗಾಯಾಳು ಶತ್ರುವಾಗಿದ್ದರೂ ಚಿಕಿತ್ಸೆ ಕೊಡಲೇಬೇಕು. ಜಿನೀವಾ ಒಪ್ಪಂದಗಳ ನಿಯಮ ಅದು. ಮೊದಲ ಒಪ್ಪಂದ ಆದದ್ದು 1864ರಲ್ಲಿ. ಅದೇ ನಿಯಮದ ಪ್ರಕಾರ ವೈದ್ಯಕೀಯ ಸಿಬ್ಬಂದಿಯ ಮೇಲೆ ಯಾರೂ ದಾಳಿ ಮಾಡಬಾರದು. ತಮ್ಮನ್ನೂ ತಮ್ಮ ಗಾಯಾಳುಗಳನ್ನೂ ಕಾಪಾಡಿಕೊಳ್ಳಲು ಅವರು ಸಣ್ಣ ಆಯುಧ ಇಟ್ಟುಕೊಳ್ಳಬಹುದು. ಭಯೋತ್ಪಾದಕರು ಈ ನಿಯಮಗಳನ್ನೆಲ್ಲ ನೋಡುವುದಿಲ್ಲ.

ಮಣಿಪುರದ ಡಾಕ್ಟರ್ ಮೇಜರ್ ಲೈಶ್ರಾಮ್ ಜ್ಯೋತಿನ್ ಸಿಂಗ್ ಕಾಬೂಲಿನಲ್ಲಿ ಭಾರತದ ವೈದ್ಯಕೀಯ ತಂಡದ ಜೊತೆ ಇದ್ದರು. 2010ರ ಫೆಬ್ರವರಿ 26ರಂದು ಅವರು ತಂಗಿದ್ದ ಅತಿಥಿಗೃಹದ ಮೇಲೆ ದಾಳಿಯಾಯಿತು. ಕೈಯಲ್ಲಿ ಏನೂ ಇರಲಿಲ್ಲ. ಬರಿಗೈಲೇ ಆತ್ಮಾಹುತಿ ದಾಳಿಕೋರನನ್ನು ಹಿಡಿದುಕೊಂಡರು. ಅವನು ತನ್ನನ್ನು ಸ್ಫೋಟಿಸಿಕೊಂಡ. ಮೇಜರ್ ಹೋದರು, ಜೊತೆಗಾರರು ಉಳಿದರು. ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರ ಬಂತು. 2020ರ ಜೂನ್ 15ರ ರಾತ್ರಿ ಲಡಾಖ್‌ನ ಗಾಲ್ವಾನ್‌ನಲ್ಲಿ ಚೀನಾ ಸೈನಿಕರ ಜೊತೆ ಘರ್ಷಣೆಯಾದಾಗ 16 ಬಿಹಾರ್ ರೆಜಿಮೆಂಟ್ ಜೊತೆ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವರು ನಾಯಕ್ ದೀಪಕ್ ಸಿಂಗ್, ಮಧ್ಯಪ್ರದೇಶದ ರೇವಾ ಕಡೆಯವರು. ಕಲ್ಲೇಟು ಬಿದ್ದು ತಮಗೇ ದೊಡ್ಡ ಗಾಯವಾಗಿದ್ದರೂ 30ಕ್ಕೂ ಹೆಚ್ಚು ಸೈನಿಕರಿಗೆ ಚಿಕಿತ್ಸೆ ಕೊಟ್ಟು ಕೊನೆಗೆ ಪ್ರಾಣ ಬಿಟ್ಟರು. ಅವರಿಗೆ ವೀರ ಚಕ್ರ. ಅವರ ಹೆಂಡತಿ ರೇಖಾ ಸಿಂಗ್ ಆಮೇಲೆ ಚೆನ್ನೈನಲ್ಲಿ ತರಬೇತಿ ಮುಗಿಸಿ 2023ರಲ್ಲಿ ಸೇನೆಯ ಅಧಿಕಾರಿಯಾದರು. ಮಾಮನಿಗೆ ದೀಪಕ್ ಸಿಂಗ್ ಪರಿಚಯವಿರಲಿಲ್ಲ. ಆದರೂ ಪೇಪರಿನಲ್ಲಿ ಬಂದ ಅವರ ಫೋಟೊ ಕತ್ತರಿಸಿ ದೇವರ ಮನೆಯ ಬಾಗಿಲಿಗೆ ಅಂಟಿಸಿದ್ದಾರೆ.

ಕೊರಿಯಾದ ಕಥೆ ನಮ್ಮ ಮಕ್ಕಳ ಪಾಠಪುಸ್ತಕದಲ್ಲಿ ಇರಬೇಕಿತ್ತು ಅಂತ ನನಗೆ ಅನಿಸುತ್ತದೆ. 1950ರಲ್ಲಿ ಅಲ್ಲಿ ಯುದ್ಧ ಶುರುವಾದಾಗ ಭಾರತ ಕಾದಾಡುವ ಸೈನ್ಯವನ್ನು ಕಳಿಸಲಿಲ್ಲ. 60 ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಅನ್ನುವ ವೈದ್ಯಕೀಯ ತುಕಡಿಯನ್ನು ಕಳಿಸಿತು. ಅದರ ಮುಖ್ಯಸ್ಥರು ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್. ಉತ್ತರ ಕೊರಿಯಾದ ಪ್ಯೋಂಗ್ಯಾಂಗ್‌ನಿಂದ ವಿಶ್ವಸಂಸ್ಥೆಯ ಸೇನೆಗಳೆಲ್ಲ ಹಿಂದೆ ಸರಿಯುವಾಗ ಇವರಿಗೆ ಲಾರಿಗಳಿರಲಿಲ್ಲ. ಔಷಧಿ, ಸಾಮಾನು ಬಿಟ್ಟು ಹೋಗಬೇಕಾದ ಸ್ಥಿತಿ. ಬಿಟ್ಟುಹೋಗಲು ಅವರು ಒಪ್ಪಲಿಲ್ಲ. ಸ್ಟೇಷನ್ನಿನಲ್ಲಿ ಒಂದು ಹಳೆಯ ಉಗಿ ಎಂಜಿನ್ ಕಂಡಿತು. ಸಾಲಾಗಿ ನಿಂತು ಬಕೆಟ್‌ಗಳಲ್ಲಿ ನೀರು ತುಂಬಿದರು, ಬೆಂಕಿ ಹಾಕಿದರು, ಸಾಮಾನು ಏರಿಸಿದರು, ತಾವೇ ರೈಲು ಓಡಿಸಿಕೊಂಡು ಹೊಳೆ ದಾಟಿದರು. 1951ರ ಮಾರ್ಚ್‌ನಲ್ಲಿ ಮುನ್ಸಾನ್ ಹತ್ತಿರ ಅಮೆರಿಕನ್ ಸೈನಿಕರ ಜೊತೆ ಪ್ಯಾರಾಶೂಟ್‌ನಲ್ಲಿ ಇಳಿದು ಬಯಲಿನಲ್ಲೇ ಚಿಕಿತ್ಸೆ ಕೊಟ್ಟರು. 1954ರಲ್ಲಿ ವಾಪಸ್ ಬರುವ ಹೊತ್ತಿಗೆ ಅವರು ನೋಡಿದ ಸೈನಿಕರು, ಜನಸಾಮಾನ್ಯರು ಸೇರಿ 2 ಲಕ್ಷದ ಆಸುಪಾಸು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು.

ಇನ್ನು ನಮ್ಮೂರಿನ ಮಾತು. ದಾವಣಗೆರೆ, ಚಿತ್ರದುರ್ಗದ ನಡುವೆ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಕಳೆದ ವರ್ಷ ಭರಮಸಾಗರದ ಹತ್ತಿರ ನಾವಿದ್ದ ಬಸ್ಸಿನ ಮುಂದೆಯೇ ಬೈಕೊಂದು ಬಿತ್ತು. ಹುಡುಗನ ತೊಡೆಯಿಂದ ರಕ್ತ. ಸುತ್ತ ಇಪ್ಪತ್ತು ಜನ, ಇಪ್ಪತ್ತು ಮೊಬೈಲ್. ಮಾಮ ಬಸ್ಸಿನಿಂದ ಇಳಿದವರೇ ಹೆಗಲ ಮೇಲಿನ ಟವೆಲ್ ಮಡಚಿ ಗಾಯದ ಮೇಲಿಟ್ಟು, ಎರಡೂ ಕೈಯಿಂದ ಮೈಭಾರವೆಲ್ಲ ಹಾಕಿ ಒತ್ತಿ ಹಿಡಿದರು. "108ಕ್ಕೆ ಫೋನ್ ಮಾಡಮ್ಮ, ಟೈಮ್ ನೋಡ್ಕೋ" ಅಂದರು. ಯಾರೋ ನೀರು ಕುಡಿಸಲು ಬಂದರು, ಬೇಡ ಅಂದರು. ಯಾರೋ ಗಾಯಕ್ಕೆ ಹಾಕಲು ಕಾಫಿಪುಡಿ ತಂದರು, ಅದೂ ಬೇಡ ಅಂದರು. ರಕ್ತ ನಿಂತಿತಾ ಅಂತ ನೋಡಲು ಒಮ್ಮೆಯೂ ಟವೆಲ್ ಎತ್ತಲಿಲ್ಲ. ಎತ್ತಿದರೆ ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ನನ್ನ ಶಾಲು ತೆಗೆದು ಹುಡುಗನಿಗೆ ಹೊದಿಸಿದರು. ಆಂಬುಲೆನ್ಸ್ ಬರುವವರೆಗೆ ಅವನ ಹೆಸರು ಕೇಳುತ್ತಾ, ಊರು ಕೇಳುತ್ತಾ ಮಾತಾಡಿಸುತ್ತಲೇ ಇದ್ದರು. ಹುಡುಗ ಬದುಕಿದ.

ಇಷ್ಟನ್ನು ಯಾರು ಬೇಕಾದರೂ ಮಾಡಬಹುದು. ಪೊಲೀಸ್, ಕೋರ್ಟು ಅಂತ ಹೆದರಬೇಕಿಲ್ಲ. ಸಹಾಯ ಮಾಡಿದವರಿಗೆ ರಕ್ಷಣೆ ಕೊಡುವ ನಿಯಮ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ.

ಈ ಜನವರಿ 26ಕ್ಕೆ ಮಾಮನನ್ನು ನಮ್ಮ ಶಾಲೆಗೆ ಕರೆದೆ. ಭಾಷಣ ಮಾಡಲ್ಲ ಅಂದರು. ಒಂದು ಟವೆಲ್, ಒಂದು ಪೆನ್ ತಂದಿದ್ದರು. ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ ಒತ್ತುವುದನ್ನು ಕಲಿಸಿದರು. "ಇನ್ನೂ ಗಟ್ಟಿ ಒತ್ತು ಮಗಾ, ಅವನಿಗೆ ನೋವಾಗ್ಲಿ ಪರವಾಗಿಲ್ಲ." ಹಿಂದಿನ ಸಾಲಿನಲ್ಲಿದ್ದ ಒಬ್ಬಳು ಹುಡುಗಿ ಗೆಳತಿಯ ಕೈ ಒತ್ತಿ ಹಿಡಿದಿದ್ದಳು. ಪೆನ್ ಬೇಕು ಅಂತ ಕೇಳಿದಳು. ಮಾಮ ಜೇಬಿನಿಂದ ತೆಗೆದು ಕೊಟ್ಟರು. ಗೆಳತಿಯ ಹಣೆಯ ಮೇಲೆ ಅವಳು ಬರೆದಳು: 10.40.